ಒಂದೇ ಸಂಚಿ, ಇಬ್ಬರು ಗೆಳತಿಯರು, ಹನ್ನೆರಡು ದಿನದ ವಿಯೆಟ್ನಾಂ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ವಿಯೆಟ್ನಾಂ ಬಗ್ಗೆಯೇ. ನಾನು 2024ರ ಮಾರ್ಚ್‌ನಲ್ಲಿ ಮೈಸೂರಿನ ಗೆಳತಿಯ ಜೊತೆ ಬೆನ್ನಿಗೊಂದು ಚೀಲ ಹಾಕಿಕೊಂಡು ಹೋಗಿ ಬಂದಿದ್ದನ್ನು ಹಿಂದೊಮ್ಮೆ ಇಲ್ಲಿ ಬಾಯಿ ತಪ್ಪಿ ಹೇಳಿದ್ದೆ, ಅದರ ಫಲ ಇದು. ಎಲ್ಲಕ್ಕೂ ಉತ್ತರ ಬರೆಯಲು ಜಾಗ ಸಾಲದು, ಐದನ್ನು ಆರಿಸಿದ್ದೇನೆ.

ಪ್ರಶ್ನೆ: ಅಕ್ಕ, ನಾನು ದಾವಣಗೆರೆಯವಳು, ಹುಬ್ಬಳ್ಳಿಯಲ್ಲಿ ಕೆಲಸ. ಕಾಲೇಜಿನ ಹಾಸ್ಟೆಲ್‌ನಲ್ಲಿ ನನ್ನ ರೂಮ್‌ಮೇಟ್ ಆಗಿದ್ದವಳು ಈಗ ಪುಣೆಯಲ್ಲಿದ್ದಾಳೆ, ನನಗಿಂತ ಎರಡು ಪಟ್ಟು ಸಂಬಳ. ಇಬ್ಬರೂ ಸೇರಿ ವಿಯೆಟ್ನಾಂಗೆ ಹೋಗೋಣ ಅಂತ ಎರಡು ವರ್ಷದಿಂದ ಮಾತಾಡುತ್ತಿದ್ದೇವೆ. ನನ್ನ ಕೈಲಿ ಎಲ್ಲ ಸೇರಿ 65 ಸಾವಿರ ಇದೆ, ಅದರ ಮೇಲೆ ಒಂದು ಪೈಸೆ ಇಲ್ಲ. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ. ಹಿಂದೆ ಗೋವಾಕ್ಕೆ ಹೋದಾಗ ಅವಳೇ ದೊಡ್ಡ ಹೋಟೆಲ್ ಬುಕ್ ಮಾಡಿ, "ಬಿಡೇ, ನಾನು ಕೊಡ್ತೀನಿ" ಅಂದಳು. ಕೊಟ್ಟಳು ಕೂಡ. ವಾಪಸ್ ಬಂದ ಮೇಲೆ ಆರು ತಿಂಗಳು ನಮ್ಮಿಬ್ಬರ ನಡುವೆ ಏನೋ ಸರಿ ಇರಲಿಲ್ಲ. ಈ ಸಲ ಹಾಗೆ ಆಗಬಾರದು. ದುಡ್ಡೂ ಸಾಲಬೇಕು, ಸ್ನೇಹವೂ ಉಳಿಯಬೇಕು. ಏನು ಮಾಡಲಿ?
— ಹೆಸರು ಬೇಡ, ಹುಬ್ಬಳ್ಳಿ

ಉತ್ತರ: ಮೊದಲು ಫೋನ್ ಎತ್ತಿ 65 ಸಾವಿರ ಅಂತ ಹೇಳಿಬಿಡಿ. ಟಿಕೆಟ್ ತೆಗೆಯುವ ಮುಂಚೆ, ಇವತ್ತೇ. "ನನಗೆ ಸ್ವಲ್ಪ ಟೈಟ್ ಇದೆ ಕಣೇ" ಅಂದರೆ ಏನೂ ಹೇಳಿದ ಹಾಗೆ ಆಗುವುದಿಲ್ಲ, ಅವಳ ಟೈಟ್ ಬೇರೆ, ನಿಮ್ಮ ಟೈಟ್ ಬೇರೆ. ಅಂಕಿಯನ್ನೇ ಹೇಳಿ. ಗೋವಾದಲ್ಲಿ ಕೆಟ್ಟಿದ್ದು ಅವಳು ಕೊಟ್ಟಿದ್ದರಿಂದ ಅಲ್ಲ ಅಂತ ನನಗನ್ನಿಸುತ್ತದೆ. ನೀವು ಬಾಯಿ ಬಿಡಲಿಲ್ಲ, ಅವಳು ಕೇಳಲಿಲ್ಲ, ಹಾಗಾಗಿ ಅವಳಿಗೆ ತಾನು ಉದಾರಿ, ನಿಮಗೆ ನೀವು ಋಣದವರು. ಆರು ತಿಂಗಳು ನಡುವೆ ಕೂತಿದ್ದು ಅದೇ.

65 ಸಾವಿರ ಸಾಲುತ್ತದೆ, ಹೆದರಬೇಡಿ. ನನ್ನ ನೋಟ್‌ಬುಕ್ ಇನ್ನೂ ಇದೆ, ಅದನ್ನೇ ನೋಡಿ ಬರೆಯುತ್ತಿದ್ದೇನೆ. ನಾವು ಕೊಚ್ಚಿಯಿಂದ ಹೋಗಿದ್ದೆವು, ಹೋಗಿ ಬರಲು ತಲಾ 22 ಸಾವಿರ. ವೀಸಾ 2,100. ಹನ್ನೆರಡು ರಾತ್ರಿಯಲ್ಲಿ ಎರಡು ರಾತ್ರಿ ರೈಲಿನಲ್ಲೇ ಮಲಗಿದೆವು, ಉಳಿದ ಹತ್ತಕ್ಕೆ ರೂಮು ತಲಾ 6,500. ಊಟ ತಿಂಡಿ 8,400. ಅಲ್ಲಿನ ರೈಲು, ಬಸ್ಸು, ಓಡಾಟ ಎಲ್ಲ 7,500. ನೋಡುವ ಜಾಗಗಳ ಟಿಕೆಟ್ 3,500. ಅಲ್ಲಿಗೆ 50 ಸಾವಿರ. ಇನ್ನು ನನ್ನ ಸ್ವಂತ ಹುಚ್ಚಿಗೆ, ಅಂದರೆ ಕಾಫಿ, ಒಂದು ರೇಷ್ಮೆ ಶಾಲು, ಒಂದು ಕೆಲಸಕ್ಕೆ ಬಾರದ ಬಿದಿರಿನ ಟೋಪಿ, 6 ಸಾವಿರ. ಈಗ ದರ ಸ್ವಲ್ಪ ಹೆಚ್ಚು ಕಡಿಮೆ ಆಗಿರುತ್ತದೆ, ಅದಕ್ಕೇ ನಿಮ್ಮ 65ರಲ್ಲಿ 5 ಸಾವಿರವನ್ನು ಮುಟ್ಟದೆ ಪಕ್ಕಕ್ಕಿಡಿ. ಪ್ರಯಾಣ ವಿಮೆ ಬಿಡಬೇಡಿ, ಅದೇನೂ ಭಾರಿ ದುಡ್ಡಲ್ಲ.

ಇಬ್ಬರು ಹೋಗುವುದರಲ್ಲಿ ಒಂದು ದೊಡ್ಡ ಉಳಿತಾಯ ಇದೆ, ಅದನ್ನು ಜನ ಗಮನಿಸುವುದಿಲ್ಲ. ಒಬ್ಬರೇ ಹೋದವರು ಹಾಸ್ಟೆಲ್‌ನ ಡಾರ್ಮಿಟರಿಯಲ್ಲಿ ಒಂದು ಮಂಚ ಹಿಡಿಯುತ್ತಾರೆ. ಇಬ್ಬರಿದ್ದರೆ ಮನೆಯವರೇ ನಡೆಸುವ ಸಣ್ಣ ಗೆಸ್ಟ್‌ಹೌಸ್‌ನಲ್ಲಿ ಎರಡು ಮಂಚದ ರೂಮು ಸಿಗುತ್ತದೆ, ಅರ್ಧರ್ಧ ಮಾಡಿದರೆ ಹೆಚ್ಚು ಕಡಿಮೆ ಡಾರ್ಮಿಟರಿ ದುಡ್ಡೇ. ಬಾಗಿಲಿಗೆ ನಮ್ಮದೇ ಚಿಲಕ, ನಮ್ಮದೇ ಬಚ್ಚಲು. ಒದ್ದೆ ಬಟ್ಟೆ ಒಣಗಿಸಬಹುದು, ಅದು ಸಣ್ಣ ಸುಖವಲ್ಲ.

ಇನ್ನು ಸಂಚಿಯ ವಿಷಯ. ನನ್ನ ಗೆಳತಿ ಅವರಜ್ಜಿಯ ಎಲೆಅಡಿಕೆ ಸಂಚಿ ತಂದಿದ್ದಳು, ದಾರ ಎಳೆದರೆ ಬಾಯಿ ಮುಚ್ಚುವ ಹಳೇ ಬಟ್ಟೆ ಸಂಚಿ, ಒಳಗೆ ಇನ್ನೂ ಕಾಚಿನ ಕಲೆ. ಮೊದಲ ದಿನ ಇಬ್ಬರೂ ಹತ್ತತ್ತು ಲಕ್ಷ ಅದಕ್ಕೆ ಹಾಕಿದೆವು. ಗಾಬರಿಯಾಗಬೇಡಿ, ಅಲ್ಲಿನ ದುಡ್ಡು ಡಾಂಗ್, 1 ಲಕ್ಷ ಡಾಂಗ್ ಅಂದರೆ ಸುಮಾರು 340 ರೂಪಾಯಿ. ಮೂರು ಸೊನ್ನೆ ಕಿತ್ತು ಮೂರೂವರೆಯಿಂದ ಗುಣಿಸಿದರೆ ಹೆಚ್ಚು ಕಡಿಮೆ ರೂಪಾಯಿ ಬರುತ್ತದೆ. ರೂಮು, ಬಸ್ಸು, ನೀರು, ಇಬ್ಬರೂ ಕೂತು ತಿಂದ ಊಟ, ಇಷ್ಟೂ ಸಂಚಿಯಿಂದ. ಬಿಯರು, ಶಾಲು, ಟೋಪಿ ಅವರವರ ಜೇಬಿನಿಂದ. ಸಂಚಿ ಖಾಲಿಯಾದರೆ ಮತ್ತೆ ಇಬ್ಬರೂ ಸಮ ಹಾಕುವುದು. ಯಾರು ಯಾರಿಗೆ ಎಷ್ಟು ಕೊಡಬೇಕು ಅನ್ನುವ ಲೆಕ್ಕವೇ ಹುಟ್ಟಲಿಲ್ಲ. ಫೋನಿನಲ್ಲಿ ಲೆಕ್ಕ ಬರೆಯುವ ಆ್ಯಪ್‌ಗಳೂ ಇವೆ, ಬಳಸುವವರು ಬಳಸಲಿ. ನನಗೆ ಮಾತ್ರ ರಾತ್ರಿ ಹತ್ತು ಗಂಟೆಗೆ "ನೀನು ಹಾಕಿದ 47 ರೂಪಾಯಿ ಏನದು" ಅಂತ ಕೇಳುವ ಜೀವನ ಬೇಡ.

ಸಂಚಿಯ ಜೊತೆ ಒಂದು ಎಚ್ಚರಿಕೆ. ಅಲ್ಲಿ 20 ಸಾವಿರದ ನೋಟೂ ನೀಲಿ, 5 ಲಕ್ಷದ ನೋಟೂ ನೀಲಿ. ಒಂದು 70 ರೂಪಾಯಿ, ಇನ್ನೊಂದು 1,700. ಹೋಯ್ ಆನ್ ಊರಿನ ನದಿ ದಂಡೆ ಮೇಲೆ ಎಳನೀರು ಕುಡಿದು ನನ್ನ ಗೆಳತಿ ನೀಲಿ ನೋಟು ಕೊಟ್ಟು ಹೊರಟೇಬಿಟ್ಟಳು. ಆ ಅಜ್ಜಿ ಚಪ್ಪಲಿ ಕೂಡ ಹಾಕದೆ ಹಿಂದೆ ಓಡಿ ಬಂದು, ನೋಟನ್ನು ಅವಳ ಮೂಗಿನ ಹತ್ತಿರ ಹಿಡಿದು, ಸೊನ್ನೆಗಳನ್ನು ಒಂದೊಂದಾಗಿ ಬೆರಳಿಟ್ಟು ಎಣಿಸಿ ತೋರಿಸಿ, ಚೆನ್ನಾಗಿ ಬೈದು ವಾಪಸ್ ಕೊಟ್ಟಳು. ಬೈದಿದ್ದು ವಿಯೆಟ್ನಾಮೀಸ್‌ನಲ್ಲಿ, ಆದರೂ ಒಂದಕ್ಷರ ಬಿಡದೆ ಅರ್ಥವಾಯಿತು. ಅವತ್ತಿನಿಂದ 5 ಲಕ್ಷದ ನೋಟು ಸಂಚಿಯಲ್ಲಿ ಇಡಲಿಲ್ಲ, ಬೇರೆ ಜಾಗಕ್ಕೆ ಹೋಯಿತು. ರೂಪಾಯಿ ನೋಟು ಅಲ್ಲಿ ನಡೆಯುವುದಿಲ್ಲ. ಇಲ್ಲಿಂದ ಡಾಲರ್ ತೆಗೆದುಕೊಂಡು ಹೋಗಿ, ಮಡಿಕೆ ಬೀಳದ, ಪೆನ್ನಿನ ಗೀಟಿಲ್ಲದ ನೋಟು ಕೇಳಿ ಪಡೆಯಿರಿ. ಅಲ್ಲಿ ಬ್ಯಾಂಕಿನಲ್ಲಿ ಬದಲಾಯಿಸಿ.

ಈಗ ಜಗಳದ ವಿಷಯ, ಯಾಕೆಂದರೆ ಸಂಚಿ ಇದ್ದರೂ ಜಗಳ ಆಗುತ್ತದೆ. ನಮ್ಮದು ಹ್ವೇ ಊರಿನಲ್ಲಿ ಆಯಿತು. ಅದು 1802ರಿಂದ 1945ರ ತನಕ ನ್ಗುಯೆನ್ ಅರಸರ ರಾಜಧಾನಿ, ಒಂದು ಕೋಟೆಯೊಳಗೆ ಇನ್ನೊಂದು ಕೋಟೆ, ಅದರೊಳಗೆ ಅರಮನೆ. ನೋಡಿ ಹೊರಬರುವಷ್ಟರಲ್ಲಿ ಮಧ್ಯಾಹ್ನ, ನೆತ್ತಿ ಸುಡುವ ಬಿಸಿಲು, ರೂಮು ಮೂರು ಕಿಲೋಮೀಟರ್. ಅವಳು ಸೈಕಲ್ ರಿಕ್ಷಾ ಹತ್ತೋಣ ಅಂದಳು, ರಿಕ್ಷಾದವನು ಲಕ್ಷ ಡಾಂಗ್ ಕೇಳಿದ. ನಾನು ನಡೆಯೋಣ ಅಂದೆ. ನಡೆದೆವು. ಮೂರು ಕಿಲೋಮೀಟರೂ ಒಂದು ಮಾತಿಲ್ಲ. ರೂಮಿಗೆ ಬಂದು ಫ್ಯಾನ್ ಹಾಕಿ, ಗೋಡೆ ಕಡೆ ತಿರುಗಿಕೊಂಡೇ ಅವಳು ಹೇಳಿದಳು: "ನೀನು 340 ರೂಪಾಯಿ ಉಳಿಸಿದೆ. ನನ್ನ ಒಂದು ದಿನ ಹಾಳು ಮಾಡಿದೆ." ಸರಿಯಾಗಿಯೇ ಹೇಳಿದ್ದಳು. ಇನ್ನೂ ನಾಚಿಕೆಯಾಗುತ್ತದೆ. ಕಡಿಮೆ ದುಡ್ಡಿನ ಪ್ರವಾಸದಲ್ಲಿ ಉಳಿಸುವುದೇ ಒಂದು ಚಟ ಆಗಿಬಿಡುತ್ತದೆ, ಯಾತಕ್ಕೆ ಉಳಿಸುತ್ತಿದ್ದೇವೆ ಅನ್ನುವುದು ಮರೆತುಹೋಗುತ್ತದೆ. ಅವತ್ತು ಸಂಜೆ ಒಂದು ನಿಯಮ ಮಾಡಿಕೊಂಡೆವು. ಒಬ್ಬರಿಗೆ ಸುಸ್ತಾದರೆ ಇನ್ನೊಬ್ಬರು ವಾದ ಮಾಡುವಂತಿಲ್ಲ, ಸಂಚಿ ಬಿಚ್ಚುವುದು ಅಷ್ಟೇ.

ಎರಡನೇ ನಿಯಮ ಹನೋಯ್‌ನಲ್ಲಿ ಆಯಿತು. ಅವಳಿಗೆ ಹಾ ಲಾಂಗ್ ಕೊಲ್ಲಿಯಲ್ಲಿ ಒಂದು ರಾತ್ರಿ ಹಡಗಿನಲ್ಲಿ ಮಲಗುವ ಆಸೆ, ಸಮುದ್ರದ ಮಧ್ಯೆ ಎದ್ದು ನಿಂತ ಸುಣ್ಣಕಲ್ಲಿನ ಗುಡ್ಡಗಳು, ಯುನೆಸ್ಕೋ ಪಟ್ಟಿಯಲ್ಲಿ 1994ರಿಂದ ಇರುವ ಜಾಗ. ನನ್ನ ಲೆಕ್ಕಕ್ಕೆ ಅದು ಕೂರುತ್ತಿರಲಿಲ್ಲ. ಹೋಗು ಅಂದೆ. ಅವಳು ತನ್ನ ದುಡ್ಡಲ್ಲಿ ಹೋದಳು. ನಾನು ಎರಡು ದಿನ ಹನೋಯ್‌ನ ಹಳೇ ಪೇಟೆಯಲ್ಲಿ, ಮೊಣಕಾಲಿಗಿಂತ ಗಿಡ್ಡ ಇರುವ ನೀಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು, ಮೊಟ್ಟೆ ಕಾಫಿ ಕುಡಿಯುತ್ತಾ ಬರುವವರನ್ನೂ ಹೋಗುವವರನ್ನೂ ನೋಡಿದೆ. ಹಳದಿ ಲೋಳೆಯನ್ನು ಸಿಹಿ ಮಂದ ಹಾಲಿನ ಜೊತೆ ನೊರೆ ಬರುವ ಹಾಗೆ ಕಡೆದು ಕಾಫಿ ಮೇಲೆ ಹಾಕುತ್ತಾರೆ, ಮುಖ ಸಿಂಡರಿಸಬೇಡಿ, ಕುಡಿದು ನೋಡಿ. ಅವಳು ವಾಪಸ್ ಬಂದಾಗ ಇಬ್ಬರ ಹತ್ತಿರವೂ ಹೇಳಲು ಬೇರೆ ಬೇರೆ ಕಥೆ ಇತ್ತು. ನಿಮ್ಮವಳಿಗೂ ಹೀಗೆ ಒಂದು ಎರಡು ದಿನ ಬಿಟ್ಟುಕೊಡಿ. ಅವಳ ದುಡ್ಡಿಗೂ ಒಂದು ದಾರಿ ಬೇಕಲ್ವಾ?

ದಾರಿ ಬಗ್ಗೆ ಚಿಕ್ಕದಾಗಿ: ದೇಶ ಉದ್ದಕ್ಕಿದೆ, ಉತ್ತರದ ಹನೋಯ್‌ನಿಂದ ದಕ್ಷಿಣದ ಹೋ ಚಿ ಮಿನ್ ಸಿಟಿಗೆ ರೈಲು ದಾರಿಯೇ 1,726 ಕಿಲೋಮೀಟರ್. ಒಂದು ತುದಿಯಲ್ಲಿ ಇಳಿದು ಇನ್ನೊಂದು ತುದಿಯಿಂದ ವಿಮಾನ ಹತ್ತಿ, ಬಂದ ದಾರಿಯಲ್ಲೇ ವಾಪಸ್ ಹೋಗುವ ಖರ್ಚು ಬೇಡ. ನಾವು ದಕ್ಷಿಣದಿಂದ ಉತ್ತರಕ್ಕೆ ಹೋದೆವು. ಹ್ವೇಯಿಂದ ಹನೋಯ್‌ಗೆ ರಾತ್ರಿ ರೈಲಿನಲ್ಲಿ ಮಲಗಿದರೆ ಒಂದು ರೂಮಿನ ದುಡ್ಡು ಉಳಿಯುತ್ತದೆ. ಆದರೆ ಹೋಯ್ ಆನ್ ಹತ್ತಿರದ ನಗರ ಡ ನಾಂಗ್‌ನಿಂದ ಹ್ವೇಗೆ ಮಾತ್ರ ಹಗಲು ರೈಲೇ ಹಿಡಿಯಿರಿ, ಉತ್ತರಕ್ಕೆ ಹೋಗುವಾಗ ಬಲಗಡೆ ಕಿಟಕಿ ಕೇಳಿ. ಹಾಯ್ ವಾನ್ ಘಟ್ಟದಲ್ಲಿ ಹಳಿ ಸಮುದ್ರದ ನೆತ್ತಿ ಮೇಲೆ ಹೋಗುತ್ತದೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ ರೈಲಿನಲ್ಲಿ ಇಳಿದವರಿಗೆ ಆ ನಿಧಾನ ಗೊತ್ತು, ಕಾಡಿನ ಬದಲು ಕೆಳಗೆ ಸಮುದ್ರ ಅಂದುಕೊಳ್ಳಿ. ಹೋಯ್ ಆನ್‌ನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಮಿ ಸನ್ ಇದೆ, ಹಿಂದೆ ಆ ಸೀಮೆ ಆಳುತ್ತಿದ್ದ ಚಂಪಾ ಅರಸರ ಕಾಲದ ಇಟ್ಟಿಗೆ ಗುಡಿಗಳು, ಹೆಚ್ಚಿನವು ಶಿವನವು. ನಮ್ಮ ಪುರಾತತ್ವ ಇಲಾಖೆಯವರೇ ಅಲ್ಲಿ ರಿಪೇರಿ ಕೆಲಸ ಮಾಡಿದ್ದಾರೆ, 2020ರಲ್ಲಿ ಆ ಕೆಲಸದ ನಡುವೆಯೇ 9ನೇ ಶತಮಾನದ ಒಂದು ಶಿವಲಿಂಗ ಸಿಕ್ಕಿತು. ಬೆಳಿಗ್ಗೆ ಬೇಗ ಹೋಗಿ, ಟೂರ್ ಬಸ್ಸುಗಳು ಬಂದ ಮೇಲೆ ನಿಲ್ಲಲೂ ಜಾಗ ಇರುವುದಿಲ್ಲ.

ಟೆಟ್ ಅಂದರೆ ಅವರ ಹೊಸವರ್ಷ, ಜನವರಿ ಕೊನೆ ಅಥವಾ ಫೆಬ್ರವರಿಯಲ್ಲಿ ಬರುತ್ತದೆ. ಆ ವಾರ ಬೇಡ. ಅಂಗಡಿ ಮುಚ್ಚಿರುತ್ತದೆ, ರೈಲು ತುಂಬಿರುತ್ತದೆ. ಅಕ್ಟೋಬರ್, ನವೆಂಬರ್‌ನಲ್ಲಿ ಹೋಯ್ ಆನ್, ಹ್ವೇ ಕಡೆ ಜೋರು ಮಳೆ, ನೆರೆ. ಮಾರ್ಚ್ ಒಳ್ಳೆಯದು.

ಪ್ರಶ್ನೆ: ನನ್ನ ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಇದೆ, ಹೆಸರಿನ ಜಾಗದಲ್ಲಿ ನನ್ನ ಹೆಸರು, ಅಪ್ಪನ ಹೆಸರು ಎರಡೂ ಒಟ್ಟಿಗೆ ಇವೆ. ವೀಸಾಕ್ಕೆ ತೊಂದರೆ ಆಗುತ್ತಾ?
— ಓದುಗ, ತುಮಕೂರು

ಉತ್ತರ: ನಮ್ಮ ಕಡೆಯ ಅರ್ಧ ಜನರ ಕಥೆ ಇದು. ಇ-ವೀಸಾ ಅರ್ಜಿ ತುಂಬುವಾಗ ಪಾಸ್‌ಪೋರ್ಟಿನ ಫೋಟೋ ಪುಟದ ತಳದಲ್ಲಿ ಬಾಣದ ಗುರುತುಗಳ ಜೊತೆ ಎರಡು ಸಾಲು ಇರುತ್ತದೆ ನೋಡಿ, ಅಲ್ಲಿ ಹೆಸರು ಯಾವ ಕ್ರಮದಲ್ಲಿದೆಯೋ ಅದೇ ಕ್ರಮದಲ್ಲಿ, ಅದೇ ಸ್ಪೆಲ್ಲಿಂಗ್‌ನಲ್ಲಿ ತುಂಬಿ. ಇನಿಷಿಯಲ್ ಸೇರಿಸುವುದು, ಬಿಡುವುದು, ಜಾಣತನ ಯಾವುದೂ ಬೇಡ. ವಿಮಾನದ ಟಿಕೆಟ್‌ನಲ್ಲೂ ಅದೇ ಹೆಸರು ಇರಲಿ. ಒಂದು ಸಲ ಹೋಗಿ ಬರುವ ವೀಸಾಕ್ಕೆ 25 ಡಾಲರ್, 2023ರ ಆಗಸ್ಟ್‌ನಿಂದ 90 ದಿನದ ತನಕ ಕೊಡುತ್ತಾರೆ. ಅರ್ಜಿ ತಿರಸ್ಕಾರವಾದರೂ ಆ ದುಡ್ಡು ವಾಪಸ್ ಬರುವುದಿಲ್ಲ, ಅದಕ್ಕೇ ಒಂದಲ್ಲ ಮೂರು ಸಲ ಓದಿ ಒತ್ತಿ. ಸರ್ಕಾರದ ವೆಬ್‌ಸೈಟ್‌ನ ವಿಳಾಸ "ಜಿಒವಿ ಡಾಟ್ ವಿಎನ್" ಅಂತ ಮುಗಿಯುತ್ತದೆ. ಹಾಗೆ ಮುಗಿಯದೆ ಎರಡು ಮೂರು ಪಟ್ಟು ಕೇಳುತ್ತಿದ್ದರೆ ಅದು ಮಧ್ಯವರ್ತಿಯ ಅಂಗಡಿ.

ಪ್ರಶ್ನೆ: ಇಬ್ಬರು ಗೆಳೆಯರು, ಉತ್ತರ ವಿಯೆಟ್ನಾಂನ ಹಾ ಜಾಂಗ್ ಬೆಟ್ಟದ ಕಡೆ ಬೈಕ್‌ನಲ್ಲಿ ಸುತ್ತುವ ಪ್ಲ್ಯಾನ್. ಆರ್‌ಟಿಒದಲ್ಲಿ ಇಂಟರ್‌ನ್ಯಾಷನಲ್ ಲೈಸೆನ್ಸ್ ಮಾಡಿಸಿದ್ದೇವೆ. ಸಾಕಲ್ವಾ?
— ಇಬ್ಬರು, ಹಾಸನ

ಉತ್ತರ: ಸಾಕಾಗಲ್ಲ, ಅದೇ ಬೇಜಾರು. ನಮ್ಮ ಆರ್‌ಟಿಒ ಕೊಡುವುದು 1949ರ ಜಿನೀವಾ ಒಪ್ಪಂದದ ಪ್ರಕಾರದ ಪರ್ಮಿಟ್. ವಿಯೆಟ್ನಾಂ ಒಪ್ಪುವುದು 1968ರ ವಿಯೆನ್ನಾ ಒಪ್ಪಂದದ್ದನ್ನು. ನಿಮ್ಮ ಪುಸ್ತಕ ಅಸಲಿಯೇ, ಸೀಲೂ ಇದೆ, ಆದರೆ ಅಲ್ಲಿ ಅದಕ್ಕೆ ಬೆಲೆ ಇಲ್ಲ. ಬಾಡಿಗೆ ಅಂಗಡಿಯವರು ಏನೂ ಕೇಳದೆ ಕೀಲಿ ಕೊಡುತ್ತಾರೆ. ಅವರಿಗೇನು, ಬಾಡಿಗೆ ಬಂದರೆ ಸಾಕು. ಪೊಲೀಸರು ಹಿಡಿದರೆ ದಂಡ ಬೀಳುತ್ತದೆ, ಅದೊಂದು ತಲೆನೋವು. ದೊಡ್ಡದು ಬೇರೆ ಇದೆ: ತಿರುವಿನಲ್ಲಿ ಬಿದ್ದು ಕಾಲು ಮುರಿದರೆ, ಲೈಸೆನ್ಸ್ ಇಲ್ಲದೆ ಓಡಿಸಿದ್ದೀರಿ ಅಂತ ವಿಮೆಯವರು ಕೈ ಎತ್ತುತ್ತಾರೆ. ಆಸ್ಪತ್ರೆ ಬಿಲ್ ಪೂರ್ತಿ ನಿಮ್ಮ ತಲೆಗೆ. ಹತ್ತು ಸಾವಿರ ಉಳಿಸಲು ಹೋಗಿ ಅಪ್ಪ ಅಡಿಕೆ ಮಾರಿದ ದುಡ್ಡು ತರಿಸುವ ಹಾಗೆ ಆಗಬಾರದು ನೋಡಿ.

50 ಸಿಸಿ ಒಳಗಿನ ಗಾಡಿಗೆ ಅಲ್ಲಿ ಲೈಸೆನ್ಸ್ ಬೇಡ, ಆದರೆ ಅದರಲ್ಲಿ ಇಬ್ಬರು ಕೂತು ಹಾ ಜಾಂಗ್ ಬೆಟ್ಟ ಹತ್ತುವ ಕನಸು ಬಿಡಿ. ಆ ಊರಲ್ಲಿ ಬೈಕು ಓಡಿಸಲು ಅಲ್ಲಿನ ಹುಡುಗರೇ ಸಿಗುತ್ತಾರೆ, "ಈಸಿ ರೈಡರ್" ಅಂತ ಕರೆಯುತ್ತಾರೆ, ನೀವು ಹಿಂದೆ ಕೂತುಕೊಳ್ಳುವುದು. ಹಾಸನದ ಗಂಡಸರಿಗೆ ಹಿಂದೆ ಕೂರುವುದು ಅವಮಾನ ಅನ್ನಿಸಬಹುದು. ಕೂತು ನೋಡಿ, ಕಣಿವೆ ಕಾಣುವುದು ಹಿಂದೆ ಕೂತವನಿಗೆ ಮಾತ್ರ. ಊರೊಳಗೆ ಓಡಾಡಲು ಗ್ರ್ಯಾಬ್ ಆ್ಯಪ್‌ನಲ್ಲಿ ಬೈಕು ಕರೆಯಿರಿ, ನಮ್ಮ ರ‍್ಯಾಪಿಡೋ ಇದ್ದ ಹಾಗೆ, ದರ ಮೊದಲೇ ಕಾಣುತ್ತದೆ, ಚೌಕಾಸಿ ಇಲ್ಲ. ಹೋ ಚಿ ಮಿನ್ ಸಿಟಿಯಲ್ಲಿ ಮಾತ್ರ ಫುಟ್‌ಪಾತ್ ಅಂಚಿನಲ್ಲಿ ನಿಂತು ಫೋನ್ ನೋಡಬೇಡಿ, ಬೈಕಿನಲ್ಲಿ ಬಂದು ಕಿತ್ತುಕೊಂಡು ಹೋಗುತ್ತಾರೆ.

ಪ್ರಶ್ನೆ: ನಾನು ಈರುಳ್ಳಿ ಬೆಳ್ಳುಳ್ಳಿ ತಿನ್ನುತ್ತೇನೆ, ಆದರೆ ಮಾಂಸ, ಮೀನು, ಮೊಟ್ಟೆ ಮುಟ್ಟಲ್ಲ. ಜೊತೆಗೆ ಬರುವ ಗೆಳೆಯ ಎಲ್ಲವನ್ನೂ ತಿನ್ನುತ್ತಾನೆ. "ಹನ್ನೆರಡು ದಿನ ಬಾಳೆಹಣ್ಣು ತಿಂದು ಸಾಯ್ತೀಯ" ಅಂತ ಹೆದರಿಸುತ್ತಿದ್ದಾನೆ. ಅಮ್ಮ ಚಟ್ನಿಪುಡಿ, ಅವಲಕ್ಕಿ ಎರಡು ಕೆಜಿ ಕಟ್ಟಲು ತಯಾರಾಗಿದ್ದಾರೆ.
— ಓದುಗ, ಶಿರಸಿ

ಉತ್ತರ: ಚಟ್ನಿಪುಡಿ ತಗೊಳ್ಳಿ, ಅವಲಕ್ಕಿ ಅರ್ಧ ಕೆಜಿ ಸಾಕು. ಗೆಳೆಯನಿಗೆ ಒಂದು ಶಬ್ದ ಕಲಿಸಿ: "ಚಾಯ್". ಅಲ್ಲಿ ಅದು ಟೀ ಅಲ್ಲ, ಸಸ್ಯಾಹಾರ. "ತೋಯ್ ಅನ್ ಚಾಯ್", ನಾನು ಸಸ್ಯಾಹಾರಿ. ಉತ್ತರದ ಕಡೆ ಟೀಗೆ "ಚಾ" ಅನ್ನುತ್ತಾರೆ, ಹಾಗಾಗಿ ಯಕಾರ ನುಂಗಬೇಡಿ. ನಾನು ಒಂದು ಸಲ ನುಂಗಿ, ಊಟಕ್ಕೆ ಕಾದು ಕೂತವಳಿಗೆ ಒಂದು ಲೋಟ ಹಸಿರು ಚಹಾ ತಂದಿಟ್ಟರು.

ಬೌದ್ಧರ ನಾಡು, ಚಾಂದ್ರಮಾನದ ತಿಂಗಳಿನ ಮೊದಲ ದಿನ ಮತ್ತು ಹದಿನೈದನೇ ದಿನ, ಅಂದರೆ ನಮ್ಮ ಲೆಕ್ಕಕ್ಕೆ ಅಮಾವಾಸ್ಯೆ ಹುಣ್ಣಿಮೆಗೆ, ಎಷ್ಟೋ ಮನೆಯವರು ಮಾಂಸ ಬಿಡುತ್ತಾರೆ. ಆ ದಿನ ಬೀದಿ ಬೀದಿಯಲ್ಲಿ ಚಾಯ್ ಸಿಗುತ್ತದೆ. ಉಳಿದ ದಿನ "ಕಂ ಚಾಯ್" ಅಂತ ಬೋರ್ಡ್ ಇರುವ ಅಂಗಡಿ ಹುಡುಕಿ, ನಮ್ಮ ಮೆಸ್ ಊಟದ ಹಾಗೆ, ಅನ್ನದ ಮೇಲೆ ತೋಫು, ಅಣಬೆ, ಸೊಪ್ಪು, ಹಲಸಿನಕಾಯಿ. ಹ್ವೇ ಊರು ಈ ಅಡುಗೆಗೆ ಹೆಸರುವಾಸಿ. ಜಾಗ್ರತೆ ಬೇಕಿರುವುದು ಮೀನಿನ ಸಾಸ್ ಬಗ್ಗೆ, "ನುಕ್ ಮಾಮ್". ಸೊಪ್ಪಿನ ಪಲ್ಯ ಅಂತ ತಂದಿಟ್ಟದ್ದಕ್ಕೂ ಅದು ಬಿದ್ದಿರುತ್ತದೆ. "ತರಕಾರಿ ಮಾತ್ರ" ಅಂತ ಕೇಳಿದರೆ ಅದು ಬರುತ್ತದೆ, "ಚಾಯ್" ಅಂತ ಕೇಳಿದರೆ ಬರುವುದಿಲ್ಲ. ಮಾಮೂಲಿ ಹೋಟೆಲಿನಲ್ಲಿ ಫೋ ಅನ್ನುವ ಶಾವಿಗೆ ಸಾರಿನ ಬಟ್ಟಲಿನಿಂದ ಮಾಂಸದ ಚೂರು ತೆಗೆದುಬಿಟ್ಟರೆ ಆಯಿತಲ್ಲ ಅನ್ನುವವರೂ ಸಿಗುತ್ತಾರೆ, ಆ ಸಾರು ಮೂಳೆ ಬೇಯಿಸಿ ಮಾಡಿದ್ದು. ಗೆಳೆಯನಿಗೆ ಹೇಳಿ, ದಿನದಲ್ಲಿ ಒಂದು ಊಟ ನಿಮ್ಮ ಅಂಗಡಿಯಲ್ಲಿ, ಒಂದು ಅವನ ಅಂಗಡಿಯಲ್ಲಿ. ಅವನದ್ದರಲ್ಲಿ ನೀವು ಕಬ್ಬಿನಹಾಲು ಕುಡಿಯುತ್ತಾ ಕೂರಬಹುದು.

ಪ್ರಶ್ನೆ: ಮೇಡಂ, ನನಗೆ 61, ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಬಾಲ್ಯದ ಗೆಳೆಯನ ಜೊತೆ ಹೋಗುವ ಮನಸ್ಸಿದೆ, ಅವನೂ ಬೆಳೆಗಾರನೇ. ಬೆನ್ನಿಗೆ ಚೀಲ ಹಾಕಿಕೊಂಡು ಹೋಗುವ ವಯಸ್ಸಾ ಇದು ಅಂತ ಮನೆಯಲ್ಲಿ ನಗುತ್ತಾರೆ. ಸಮುದ್ರ, ದೇವಸ್ಥಾನ ಎಲ್ಲ ಬೇಡ. ನಮ್ಮ ಕಾಳುಮೆಣಸಿನ ರೇಟು ಬೀಳಿಸುವವರ ತೋಟ ಹೇಗಿದೆ ಅಂತ ಒಮ್ಮೆ ನೋಡಬೇಕು.
— ಬೆಳೆಗಾರರು

ಉತ್ತರ: ಸರ್, ಈ ತಿಂಗಳ ಪತ್ರಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದು. ನಗುವವರು ನಗಲಿ, ನೀವು ಹೊರಡಿ.

ನೀವು ಹೋಗಬೇಕಾದ ಊರು ಬುವೋನ್ ಮಾ ಥುವೋಟ್, ಮಧ್ಯದ ಎತ್ತರದ ನಾಡಿನಲ್ಲಿ ಡಾಕ್ ಲಾಕ್ ಪ್ರಾಂತ್ಯ. ಹೋ ಚಿ ಮಿನ್ ಸಿಟಿಯಿಂದ ರಾತ್ರಿ ಸ್ಲೀಪರ್ ಬಸ್ಸು ಇದೆ. ಹತ್ತುವಾಗ ಚಪ್ಪಲಿ ಬಿಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕೈಗೆ ಕೊಡುತ್ತಾರೆ, ಸೀಟು ಅವರ ಎತ್ತರಕ್ಕೆ ಮಾಡಿದ್ದು, ನೀವು ಐದೂಮುಕ್ಕಾಲು ಅಡಿ ದಾಟಿದ್ದರೆ ಮಂಡಿ ಮಡಚಿಕೊಂಡೇ ಮಲಗಬೇಕು. ಮೂಡಿಗೆರೆಯಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಓಡಾಡಿದವರಿಗೆ ಇದೇನು ದೊಡ್ಡದಲ್ಲ. ಸೊಂಟ ಬೇಡ ಅಂದರೆ ಆ ಊರಿಗೆ ವಿಮಾನವೂ ಇದೆ.

ಕಾಫಿಯಲ್ಲಿ ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ವಿಯೆಟ್ನಾಂ, ಬಹುಪಾಲು ರೊಬಸ್ಟಾ ಜಾತಿಯ ಕಾಫಿ. ಕಾಳುಮೆಣಸಿನಲ್ಲಂತೂ ಅವರೇ ಮೊದಲು. ತೋಟ ನೋಡಿದ ಕೂಡಲೇ ನಿಮಗೆ ಎದ್ದು ಕಾಣುವುದು ನೆರಳು. ನಮ್ಮಲ್ಲಿ ಸಿಲ್ವರ್, ಹಲಸು, ಅತ್ತಿ ಮರದ ಕೆಳಗೆ ಕಾಫಿ, ಆ ಮರಕ್ಕೇ ಮೆಣಸಿನ ಬಳ್ಳಿ. ಅಲ್ಲಿ ಎಷ್ಟೋ ಕಡೆ ಬಯಲು ಬಿಸಿಲಲ್ಲಿ ಕಾಫಿ, ಸಾಲು ಸಾಲು ಕಂಬಕ್ಕೆ ಬಳ್ಳಿ. ಫಸಲು ಜಾಸ್ತಿ, ನೀರೂ ಗೊಬ್ಬರವೂ ಜಾಸ್ತಿ. ಚಂದ ಯಾವುದು ಅಂತ ನಾನು ಹೇಳಬೇಕಿಲ್ಲ, ಲಾಭ ಯಾವುದು ಅಂತ ನೀವೇ ಲೆಕ್ಕ ಹಾಕಿ ನನಗೆ ಬರೆಯಿರಿ. ಕೊಯ್ಲು ಸುಮಾರು ಅಕ್ಟೋಬರ್ ಕೊನೆಯಿಂದ ಜನವರಿ, ನಿಮ್ಮ ಕೊಯ್ಲೂ ಆಗಲೇ ಶುರು, ಅದೊಂದೇ ಕಷ್ಟ. ಮಾರ್ಚ್‌ನಲ್ಲಿ ಹೋದರೆ ಇಲ್ಲಿ ಕಾಫಿ ಹೂ ಅರಳಿಸುವ ಮಳೆಗೆ ಕಾಯುತ್ತಾ ಆಕಾಶ ನೋಡುವುದಾದರೂ ತಪ್ಪುತ್ತದೆ. ಅಲ್ಲಿ ಅವರು ಹೂವಿಗೆ ಬೇಸಿಗೆಯಲ್ಲಿ ಪಂಪ್ ಇಟ್ಟು ನೀರು ಬಿಡುತ್ತಾರೆ, ಸ್ಪ್ರಿಂಕ್ಲರ್ ಇಟ್ಟ ನಿಮಗೆ ಹೊಸದೇನಲ್ಲ.

ಭಾಷೆಯ ಚಿಂತೆ ಬೇಡ. ಫೋನಿನಲ್ಲಿ ಅನುವಾದದ ಆ್ಯಪ್ ಹಾಕಿಸಿಕೊಂಡು ಹೋಗಿ, ಅದಕ್ಕಿಂತ ಮುಖ್ಯವಾಗಿ ನಿಮ್ಮ ತೋಟದ ಹತ್ತು ಫೋಟೋ ಪ್ರಿಂಟ್ ಹಾಕಿಸಿ ಜೇಬಲ್ಲಿಡಿ. ಮರಕ್ಕೆ ಹಬ್ಬಿದ ಬಳ್ಳಿ, ಕಣದಲ್ಲಿ ಒಣಗುವ ಮೆಣಸು, ಏಣಿ ಹತ್ತಿದ ಆಳು. ಅದನ್ನು ತೋರಿಸಿದರೆ ಯಾವ ಬೆಳೆಗಾರನೂ ಗೇಟು ಹಾಕಿಕೊಳ್ಳುವುದಿಲ್ಲ. ಕಾಫಿ ಕೊಡುತ್ತಾರೆ, ಲೋಟದ ಮೇಲೆ ಸಣ್ಣ ತಗಡಿನ ಫಿಲ್ಟರ್ ಕೂರಿಸಿ, ಕೆಳಗೆ ಎರಡು ಚಮಚ ಮಂದ ಸಿಹಿ ಹಾಲು. ಒಂದೊಂದೇ ಹನಿ ಇಳಿಯುತ್ತದೆ. ಚಿಕೋರಿ ಹಾಕಿದ ನಮ್ಮ ಡಿಕಾಕ್ಷನ್‌ಗಿಂತಲೂ ಕಪ್ಪು. ಹನಿ ನಿಲ್ಲುವ ತನಕ ಕಾಯಿರಿ, ಮಧ್ಯದಲ್ಲಿ ಎತ್ತಬೇಡಿ, ಲುಂಗಿ ಮೇಲೆ ಚೆಲ್ಲುತ್ತದೆ.